ಕೈ ಒಳಗೆ ಹೋಗದ ಪಾತ್ರೆ

ಬಟ್ಟಲು ಮಾಡುವವರಿಗೆ ಒಂದು ಸುಖವಿದೆ. ಒಳಗೆ ನೀರು ನಿಂತರೆ ಒರೆಸಬಹುದು, ತಳ ಒರಟಾಗಿದ್ದರೆ ಮತ್ತೆ ಸವರಬಹುದು, ಗ್ಲೇಜ್, ಅಂದರೆ ಸುಟ್ಟಾಗ ಗಾಜಾಗುವ ಲೇಪ, ಒಂದು ಕಡೆ ಹತ್ತದಿದ್ದರೆ ಕುಂಚ ಇಳಿಬಿಟ್ಟು ಮುಚ್ಚಬಹುದು. ಹೂದಾನಿಗೆ ಈ ಸೌಲಭ್ಯ ಇಲ್ಲ. ಕಂಠ ಕಟ್ಟಿದಿರೋ, ಒಳಗಿನದು ಕೈತಪ್ಪಿತು ಅಂತಲೇ ಲೆಕ್ಕ. ಆಮೇಲೆ ಅಲ್ಲಿ ಏನೇ ಮಾಡಬೇಕಿದ್ದರೂ ಕೋಲಿನ ತುದಿಗೆ ಕಟ್ಟಿದ ಸ್ಪಂಜು, ಇಲ್ಲವೇ ಒಳಗೆ ಸುರಿದ ಗ್ಲೇಜ್ ಮಾಡಬೇಕು. ಹೀಗಾಗಿ ತಿಗರಿಯ ಮೇಲೆ ಹೂದಾನಿ ಮಾಡುವುದರಲ್ಲಿ ಕೈಚಳಕಕ್ಕಿಂತ ಮೊದಲು ಬರುವುದು ಸರದಿ: ಯಾವುದನ್ನು ಯಾವುದಕ್ಕಿಂತ ಮುಂಚೆ ಮುಗಿಸಿರಬೇಕು ಎಂಬುದು.

ಇಲ್ಲಿ ಹೇಳುತ್ತಿರುವುದು ತೀರಾ ಸಾದಾ ಹೂದಾನಿ. ಹಸಿಯಾಗಿದ್ದಾಗ 20 ಸೆಂ.ಮೀ. ಎತ್ತರ, ಹೊಟ್ಟೆಯ ಬಳಿ 12 ಸೆಂ.ಮೀ. ಅಗಲ, ಕಂಠ 5 ಸೆಂ.ಮೀ. ಇದಕ್ಕೆ 1.2 ಕಿಲೋ ಮಣ್ಣು ಸಾಕು. ಪಳಗಿದವರು 900 ಗ್ರಾಮಿನಲ್ಲೇ ಇದೇ ಎತ್ತರ ಎಳೆದಾರು. ಕಲಿಯುವವರು ಗೋಡೆಯನ್ನು ತುಸು ದಪ್ಪ ಬಿಟ್ಟರೆ ತಪ್ಪೇನಿಲ್ಲ. ಹೆಚ್ಚಿನ ಉಷ್ಣತೆಗೆ ಸುಡುವ ಸ್ಟೋನ್‌ವೇರ್ ಮಣ್ಣು ಒಣಗಿ, ಸುಟ್ಟು ಮುಗಿಯುವಷ್ಟರಲ್ಲಿ ಸುಮಾರು 10ರಿಂದ 13 ಪ್ರತಿಶತ ಕುಗ್ಗುತ್ತದೆ. 12 ಪ್ರತಿಶತ ಎಂದಿಟ್ಟುಕೊಂಡರೆ 20 ಸೆಂ.ಮೀ. ಹೂದಾನಿ ಕೊನೆಗೆ 17.6 ಸೆಂ.ಮೀ. ಆಗುತ್ತದೆ, 5 ಸೆಂ.ಮೀ. ಕಂಠ 4.4ಕ್ಕೆ ಇಳಿಯುತ್ತದೆ. ಎಷ್ಟು ಕಡ್ಡಿ ಹೂವು ಹಿಡಿಯಬೇಕು ಎಂಬುದನ್ನು ಲೆಕ್ಕ ಹಾಕುವಾಗ ಈ ಕೊನೆಯ ಅಳತೆ ಮನಸ್ಸಿನಲ್ಲಿರಲಿ. ಮಣ್ಣು ಕುಗ್ಗುವುದು ಕುಂಬಾರರಿಗೆ ತಲೆನೋವೇ, ಆದರೆ ಅದನ್ನೇ ಅಳತೆಗೋಲು ಮಾಡಿಕೊಂಡವರೂ ಇದ್ದಾರೆ. ಇಂಗ್ಲೆಂಡಿನ ಕುಂಬಾರ ಜೋಸಿಯಾ ವೆಜ್‌ವುಡ್ 1782ರಲ್ಲಿ ಗೂಡಿನ ಕಾವನ್ನು ಅಳೆದದ್ದು ಮಣ್ಣಿನ ಬಿಲ್ಲೆಗಳು ಎಷ್ಟು ಕುಗ್ಗಿದವು ಎಂದು ನೋಡಿ.

ಮೊದಲು ನಾದುವುದು. ಇದು ಬೇಜಾರಿನ ಕೆಲಸ, ಆದ್ದರಿಂದಲೇ ಎಲ್ಲರೂ ಇದರಲ್ಲೇ ಕದಿಯುತ್ತಾರೆ. ಅಂಗೈಯ ಬುಡದಿಂದ ಮಣ್ಣನ್ನು ಮುಂದಕ್ಕೂ ಕೆಳಕ್ಕೂ ಒತ್ತಿ, ಮತ್ತೆ ನಿಲ್ಲಿಸಿ, ತುಸು ತಿರುಗಿಸಿ ಮತ್ತೆ ಒತ್ತಬೇಕು. ಐವತ್ತು ಸಲವಾದರೂ ಆಗಲಿ. ಗಾಳಿಯ ಗುಳ್ಳೆ ಹೋಗಬೇಕು ಎಂಬುದು ಎಲ್ಲರೂ ಕೊಡುವ ಕಾರಣ. ಅದು ನಿಜವೇ, ಆದರೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ಪೊಟ್ಟಣದ ಮಣ್ಣಿನಲ್ಲಿ ಹೊರಮೈ ಗಟ್ಟಿ, ಒಳಗೆ ಮೆತ್ತಗೆ ಇರುತ್ತದೆ. ಈ ಎರಡು ಹದ ಒಂದಾಗದಿದ್ದರೆ ಗೋಡೆ ಎತ್ತುವಾಗ ಮೆತ್ತನೆಯ ಕಡೆ ಬೇಗ ಏರಿ, ಗಟ್ಟಿ ಕಡೆ ಹಿಂದೆ ಉಳಿಯುತ್ತದೆ. ಬಾಯಿ ಓರೆಯಾಗುವುದು ಅಲ್ಲಿಂದಲೇ. ಉಂಡೆಯನ್ನು ತಂತಿಯಿಂದ ಸೀಳಿ ನೋಡಿ. ಎರಡೂ ಮುಖ ಒಂದೇ ಬಣ್ಣದಲ್ಲಿ ನುಣ್ಣಗೆ ಇರಬೇಕು, ಬೆರಳೊತ್ತಿದರೆ ಎಲ್ಲ ಕಡೆ ಒಂದೇ ರೀತಿ ತಗ್ಗಬೇಕು.

ಇನ್ನು ಮಣ್ಣನ್ನು ಚಕ್ರದ ನಡುವಿಗೆ ತರುವುದು. ಚಕ್ರ ಎಡಸುತ್ತು ತಿರುಗುತ್ತಿದೆ ಎಂದಿಟ್ಟುಕೊಂಡು ಹೇಳುತ್ತೇನೆ, ಬಲಸುತ್ತಾದರೆ ಕೈಗಳನ್ನು ಅದಲುಬದಲು ಮಾಡಿಕೊಳ್ಳಿ. ಉಂಡೆಯನ್ನು ಒದ್ದೆಯಿಲ್ಲದ ಚಕ್ರದ ನಡುವೆ ಬಲವಾಗಿ ಬಡಿದು ಕೂರಿಸಿ. ಚಕ್ರದ ಮೇಲೆ ನೀರಿದ್ದರೆ ಮಣ್ಣು ಜಾರಿ ಹಾರುತ್ತದೆ. ವೇಗ ಹೆಚ್ಚಿರಲಿ, ನಿಮಿಷಕ್ಕೆ 200 ಸುತ್ತಿನ ಆಸುಪಾಸು. ಎಡ ಮೊಣಕೈ ತೊಡೆಗೋ ಸೊಂಟಕ್ಕೋ ಆತುಕೊಂಡಿರಬೇಕು. ಎಡಗೈ ಪಕ್ಕದಿಂದ ಒತ್ತುತ್ತದೆ, ಬಲಗೈಯ ಅಂಚು ಮೇಲಿನಿಂದ. ತೋಳಬಲದಿಂದ ಗೆಲ್ಲಲು ಹೋದರೆ ಮಣ್ಣು ನಿಮ್ಮನ್ನು ಅಲುಗಿಸುತ್ತದೆ. ಮೈಭಾರವನ್ನು ಮೊಣಕೈ ಮೂಲಕ ಅದರ ಮೇಲೆ ಬಿಟ್ಟು ಸುಮ್ಮನೆ ಕೂತರೆ ಅದೇ ದಾರಿಗೆ ಬರುತ್ತದೆ. ಎರಡು ಮೂರು ಸಲ ಶಂಕುವಿನಂತೆ ಮೇಲೇರಿಸಿ ಮತ್ತೆ ಕೆಳಗಿಳಿಸಿ. ಬೆರಳ ತುದಿಯನ್ನು ಸುಮ್ಮನೆ ತಾಗಿಸಿ ಹಿಡಿದಾಗ ಬೆರಳು ಅಲುಗದಿದ್ದರೆ ಮಣ್ಣು ನಡುವಿಗೆ ಬಂತು. ಕೈ ತೆಗೆಯುವಾಗ ನಿಧಾನ. ತಟ್ಟನೆ ಕಿತ್ತರೆ ಕಷ್ಟಪಟ್ಟು ತಂದ ನಡು ಮತ್ತೆ ತಪ್ಪುತ್ತದೆ.

ಹೆಬ್ಬೆರಳಿನಿಂದ ನಡುವೆ ಗುಂಡಿ ಮಾಡಿ ಕೆಳಗಿಳಿಯಿರಿ. ತಳ 10 ಮಿ.ಮೀ. ಉಳಿಯಬೇಕು. ಆಮೇಲೆ ಅಡಿ ಹೆರೆಯುವಾಗ ಕಾಲುಂಗುರ, ಅಂದರೆ ಪಾತ್ರೆ ನಿಲ್ಲುವ ಅಡಿಯ ಉಂಗುರ, ಕೆತ್ತಲು ಅಷ್ಟು ದಪ್ಪ ಬೇಕಾಗುತ್ತದೆ. ಅಂದಾಜು ಬೇಡ: ಚಕ್ರ ನಿಲ್ಲಿಸಿ ಸೂಜಿಯನ್ನು ತಳದವರೆಗೆ ಚುಚ್ಚಿ, ಬೆರಳನ್ನು ಸೂಜಿಯ ಮೇಲೆ ಮಣ್ಣಿನ ಮಟ್ಟಕ್ಕೆ ಜಾರಿಸಿ, ಹೊರತೆಗೆದು ನೋಡಿ. ಚುಚ್ಚಿದ ತೂತು ಮುಂದಿನ ಒತ್ತುವಿಕೆಯಲ್ಲಿ ಮುಚ್ಚಿಕೊಳ್ಳುತ್ತದೆ. ಈಗ ಬರುವುದೇ ಮೊದಲ ಕೈತಪ್ಪುವ ಕೆಲಸ. ಒಳತಳವನ್ನು 7 ಸೆಂ.ಮೀ. ಅಗಲಕ್ಕೆ ಬಿಡಿಸಿ, ಬೆರಳ ಬದಿಯಿಂದಲೋ ರಿಬ್ ಎಂಬ ಮರದ ಸವರುಹಲಗೆಯಿಂದಲೋ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಐದಾರು ಸಲ ಗಟ್ಟಿಯಾಗಿ ಒತ್ತಿ ಸವರಬೇಕು. ಇದನ್ನು ಬಿಟ್ಟವರಿಗೆ ಸಿಗುವ ಉಡುಗೊರೆ ತಳದ ನಡುವೆ ಹಾವಿನಂತೆ ಬಾಗಿದ ಸೀಳು. ಗೋಡೆ ಎತ್ತುವಾಗ ಹಿಚುಕಿಸಿಕೊಂಡು ಗಟ್ಟಿಯಾಗಿರುತ್ತದೆ, ತಳದ ನಡುವನ್ನು ಯಾರೂ ಹಿಚುಕಿರುವುದಿಲ್ಲ. ಅದರ ಮೇಲೆ ನೀರೂ ನಿಂತಿದ್ದರೆ ಗೋಡೆ ಒಣಗಿ ಕುಗ್ಗಿದ ಮೇಲೂ ತಳ ಹಸಿಯಾಗಿಯೇ ಇರುತ್ತದೆ. ಕೊನೆಗೆ ತಾನೂ ಕುಗ್ಗಲು ಹೊರಟಾಗ ಸುತ್ತಲಿನ ಗೋಡೆ ಬಿಟ್ಟುಕೊಡುವುದಿಲ್ಲ, ನಡು ಸೀಳುತ್ತದೆ. ತಿಗರಿಯ ಮೇಲೆ ಮಾಡಿದ ಈ ತಪ್ಪು ಕಣ್ಣಿಗೆ ಬೀಳುವುದು ವಾರದ ನಂತರ, ಎಷ್ಟೋ ಸಲ ಸುಟ್ಟ ನಂತರ.

ಗೋಡೆ ಎತ್ತಲು ವೇಗವನ್ನು ಅರ್ಧಕ್ಕೆ ಇಳಿಸಿ. ಎಡಗೈ ಬೆರಳು ಒಳಗೆ, ಬಲಗೈ ಹೊರಗೆ, ಗಡಿಯಾರದ ಮೂರು ಗಂಟೆ ಇರುವ ಕಡೆ. ಹೊರಬೆರಳು ಬುಡದಲ್ಲಿ ತುಸು ಒಳಗೊತ್ತಿ ಮಣ್ಣಿನ ಒಂದು ಉಬ್ಬು ಎಬ್ಬಿಸುತ್ತದೆ. ಆ ಉಬ್ಬನ್ನು ಎರಡೂ ಕೈ ಸೇರಿ ಮೇಲಕ್ಕೆ ಒಯ್ಯಬೇಕು. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಕೈ ಒಂದು ಬೆರಳಗಲಕ್ಕಿಂತ ಹೆಚ್ಚು ಏರಬಾರದು. ಏರಿದರೆ ಗೋಡೆಯಲ್ಲಿ ದಪ್ಪ-ತೆಳು ಸುರುಳಿ ಬಿದ್ದು, ಮುಂದಿನ ಎತ್ತಿನಲ್ಲಿ ಅದೇ ಸುರುಳಿ ಹರಿಯುತ್ತದೆ. ಪ್ರತಿ ಸಲ ಮೇಲೆ ತಲುಪಿದಾಗ ಬಾಯಂಚನ್ನು ಬೆರಳಿನಿಂದ ಒತ್ತಿ ಗಟ್ಟಿ ಮಾಡಿ. ತಿರುಗುವ ಮಣ್ಣಿನ ಸ್ವಭಾವವೇ ಹೊರಕ್ಕೆ ಅಗಲಿಕೊಳ್ಳುವುದು, ಹಾಗಾಗಿ ಬಾಯಿ ಯಾವಾಗಲೂ ಬುಡಕ್ಕಿಂತ ಕಿರಿದಾಗಿರುವಂತೆ ನೋಡಿಕೊಳ್ಳಬೇಕು. ಮೂರು ಅಥವಾ ನಾಲ್ಕು ಸಲದಲ್ಲಿ 17-18 ಸೆಂ.ಮೀ. ಎತ್ತರದ, ಮೇಲಕ್ಕೆ ಸ್ವಲ್ಪ ಕಿರಿದಾಗುವ ಉರುಳೆ ಸಿಗಬೇಕು. ಗೋಡೆ 6 ಮಿ.ಮೀ., ಮೇಲಿನ ನಾಲ್ಕು ಸೆಂ.ಮೀ. ಮಾತ್ರ ಇನ್ನೂ ದಪ್ಪ. ಆ ದಪ್ಪ ಕಂಠಕ್ಕೆ ಮೀಸಲು. ಅದನ್ನು ಈಗಲೇ ತೆಳ್ಳಗೆ ಎಳೆದು ಖುಷಿಪಟ್ಟರೆ ಆಮೇಲೆ ಕಂಠ ಕಟ್ಟುವಾಗ ಮಡಿಕೆ ಬೀಳುತ್ತದೆ.

ಇಲ್ಲಿಗೆ ಸುಮಾರು ಐದು ನಿಮಿಷ ಆಗಿರಬೇಕು. ಇದಕ್ಕಿಂತ ತುಂಬಾ ಹೆಚ್ಚಾಗಿದ್ದರೆ ಮಣ್ಣು ನೀರು ಕುಡಿದು ಸೋತಿರುತ್ತದೆ, ಹೊಟ್ಟೆ ಉಬ್ಬಿಸುವ ಹೊತ್ತಿಗೆ ಕುಸಿಯುತ್ತದೆ. ಅಂಥ ಉರುಳೆಯನ್ನು ಉಳಿಸಲು ಒದ್ದಾಡಬೇಡಿ. ತಂತಿಯಿಂದ ಮೇಲಿಂದ ಕೆಳಗೆ ಎರಡು ಹೋಳು ಮಾಡಿ ಗೋಡೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ನೋಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಸಂಕಟ ಕಲಿಯುವವರಿಗೆ ಅನ್ವಯಿಸದು. ಮೊದಲ ಹತ್ತು ಪಾತ್ರೆಗಳನ್ನು ಸುಡುವುದಕ್ಕಿಂತ ಸೀಳಿ ನೋಡುವುದರಲ್ಲೇ ಲಾಭ ಜಾಸ್ತಿ.

ಹೊಟ್ಟೆ ಬರುವುದು ಒಳಗಿನಿಂದ. ಒಳಬೆರಳು ಹೊರಕ್ಕೆ ತಳ್ಳುತ್ತದೆ, ಹೊರಗೆ ಹಿಡಿದ ರಿಬ್ ಅದಕ್ಕೆ ತಡೆಯಾಗಿ ಆಕಾರ ಕೊಡುತ್ತದೆ. ವೇಗ ಇನ್ನೂ ಕಡಿಮೆ. ಒಂದೇ ಏಟಿಗೆ 12 ಸೆಂ.ಮೀ. ತಲುಪಲು ಹೋಗದೆ ಮೂರು ಬಾರಿಗೆ ಹಂಚಿಕೊಳ್ಳಿ. ಅಗಲವಾದಂತೆ ಗೋಡೆ ತೆಳುವಾಗುತ್ತದೆ, ಮೇಲಿನ ಭಾರ ಹೊರುವುದೂ ಇದೇ ಗೋಡೆ. ಭುಜ ಚಪ್ಪಟೆಯಾದಷ್ಟೂ ಕುಸಿಯುವ ಭಯ ಹೆಚ್ಚು. ಹೊಸಬರು ಭುಜವನ್ನು ಇಳಿಜಾರಾಗಿಯೇ ಬಿಡುವುದು ಒಳ್ಳೆಯದು, ನೋಡಲೂ ಅದೇ ಚೆಂದ ಎಂದು ನನ್ನ ಎಣಿಕೆ. ಬೆರಳು ಒಳಗೆ ಇಳಿಯುವಷ್ಟು ಜಾಗ ಇರುವಾಗಲೇ ಹೊಟ್ಟೆಯ ಕೆಲಸ ಪೂರ್ತಿ ಮುಗಿಯಬೇಕು. ಕಡೆಯದಾಗಿ, ಕೋಲಿಗೆ ಕಟ್ಟಿದ ಸ್ಪಂಜಿನಿಂದ ಒಳತಳದ ನೀರನ್ನೆಲ್ಲ ಹೀರಿ ತೆಗೆಯಿರಿ. ಇದು ಕೈತಪ್ಪುವ ಎರಡನೆಯ ಕೆಲಸ.

ಈಗ ಕಂಠ. ಇದೊಂದನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಬಾಯಿ ಈಗ 9 ಸೆಂ.ಮೀ. ಅಗಲ ಇದೆ, ಅಂದರೆ ಸುತ್ತಳತೆ 28 ಸೆಂ.ಮೀ. ಅದನ್ನು 5 ಸೆಂ.ಮೀ.ಗೆ ತಂದರೆ ಸುತ್ತಳತೆ 16 ಸೆಂ.ಮೀ.ಗಿಂತ ಕಡಿಮೆ. ಉಳಿದ 12 ಸೆಂ.ಮೀ. ಮಣ್ಣು ಎಲ್ಲಿಗೆ ಹೋಗಬೇಕು? ಒಂದೋ ಗೋಡೆ ದಪ್ಪವಾಗಬೇಕು, ಇಲ್ಲವೇ ಮೇಲಕ್ಕೆ ಏರಬೇಕು. ಎರಡಕ್ಕೂ ದಾರಿ ಸಿಗದಿದ್ದರೆ ಅದು ಬಟ್ಟೆಯ ನೆರಿಗೆಯಂತೆ ಮಡಚಿಕೊಳ್ಳುತ್ತದೆ. ಕೈಗಳಲ್ಲಿ ಉಂಗುರ ಮಾಡಿ, ಎರಡು ಹೆಬ್ಬೆರಳು, ಎರಡು ತೋರುಬೆರಳು, ಎರಡು ನಡುಬೆರಳು ಹೀಗೆ ಆರು ಕಡೆ ಮಣ್ಣನ್ನು ಮುಟ್ಟಿ ಹಿಡಿಯಿರಿ. ಮೇಲ್ಮೈ ಒದ್ದೆಯಾಗಿರಲಿ, ಚಕ್ರದ ವೇಗ ಹೆಚ್ಚಲಿ. ಭುಜದಿಂದ ಶುರುಮಾಡಿ ಒಳಗೆ ಒತ್ತುತ್ತಾ ಮೇಲಕ್ಕೆ ಜರುಗಿ, ಬಾಯಿಯ ತುದಿ ದಾಟಿದ ಮೇಲೆಯೇ ಕೈ ಬಿಡಿ. ಒಂದು ಸಲಕ್ಕೆ ಒಂದು ಸೆಂ.ಮೀ. ಕಿರಿದಾದರೆ ಸಾಕು. ಪ್ರತಿ ಸಲ ಕಿರಿದಾಗಿಸಿದ ಮೇಲೆ ಒಂದು ಬೆರಳು ಒಳಗೆ, ಒಂದು ಹೊರಗೆ ಇಟ್ಟು, ದಪ್ಪಗಾದ ಗೋಡೆಯನ್ನು ಮತ್ತೆ ಮೇಲೆತ್ತಿ ತೆಳ್ಳಗೆ ಮಾಡಿ. ಹಿಚುಕು, ಎತ್ತು, ಹಿಚುಕು, ಎತ್ತು. ಉರುಳೆಯಲ್ಲಿ ಇಲ್ಲದಿದ್ದ ಆ ಎರಡು ಮೂರು ಸೆಂ.ಮೀ. ಎತ್ತರ ಸಿಗುವುದು ಇಲ್ಲಿಂದ. ಮಣ್ಣು ಒಣಗಿದ್ದಾಗ ಹಿಚುಕಿದರೆ ಬೆರಳು ಅಂಟಿ, ಕೆಳಗೆ ಚಕ್ರ ತಿರುಗುತ್ತಿದ್ದರೂ ಮೇಲೆ ಕಂಠ ನಿಲ್ಲುತ್ತದೆ. ಹೊಟ್ಟೆಯ ಮೇಲೆ ಓರೆ ಗೆರೆಗಳು ಕಾಣಿಸಿಕೊಂಡರೆ ಅದು ತಿರುಚಿಕೊಳ್ಳುತ್ತಿದೆ ಎಂದು ಅರ್ಥ, ಆ ಕ್ಷಣವೇ ಕೈ ಸಡಿಲಿಸಿ. ಸಣ್ಣ ನೆರಿಗೆ ಬಿದ್ದಿದ್ದರೆ ಒಳಗೊಂದು ಕೋಲಿಟ್ಟು ಹೊರಗಿನಿಂದ ರಿಬ್‌ನಲ್ಲಿ ಒತ್ತಿ ಸರಿಮಾಡಬಹುದು. ಆಳವಾದ ನೆರಿಗೆ ಮುಚ್ಚಿದಂತೆ ಕಂಡರೂ ಒಣಗುವಾಗ ಬಾಯಿ ಬಿಡುತ್ತದೆ.

ಬಾಯಂಚನ್ನು ಒದ್ದೆ ಮಾಡಿದ ಮೆತ್ತನೆಯ ತೊಗಲಿನ ಪಟ್ಟಿಯಿಂದ ದುಂಡಗೆ ಮಾಡಿ. ಚೂಪಾದ ಅಂಚಿನ ಮೇಲೆ ಕರಗಿದ ಗ್ಲೇಜ್ ನಿಲ್ಲುವುದಿಲ್ಲ, ತೊಳೆಯುವಾಗ ಚಕ್ಕೆ ಏಳುವುದೂ ಅಲ್ಲಿಯೇ. ಬುಡದ ಹೆಚ್ಚುವರಿ ಮಣ್ಣನ್ನು ಮರದ ಚಾಕುವಿನಿಂದ ಓರೆಯಾಗಿ ಕತ್ತರಿಸಿ, ತಂತಿಯನ್ನು ಚಕ್ರಕ್ಕೆ ಬಿಗಿಯಾಗಿ ಒತ್ತಿ ಎಳೆದು ಬಿಡಿಸಿ.

ಒಣಗಿಸುವಾಗ ಕಂಠ ಮೊದಲು ಒಣಗುತ್ತದೆ, ತಳ ಕಡೆಗೆ. ಅದಕ್ಕೆ ಕಂಠಕ್ಕೊಂದು ಪ್ಲಾಸ್ಟಿಕ್ ತುಂಡು ಸುತ್ತಿ, ಕೆಳಗಿನದನ್ನು ತೆರೆದು ಬಿಡಿ. ಬಾಯಿ ಭಾರ ಹೊರುವಷ್ಟು ಗಟ್ಟಿಯಾದ ಮೇಲೆ ಬೋರಲು ಹಾಕಿದರೆ ತಳಕ್ಕೂ ಗಾಳಿಯಾಡುತ್ತದೆ. ಒಂದೆರಡು ದಿನಕ್ಕೆ ತೊಗಲಿನ ಹದ ಬರುತ್ತದೆ. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳು ಒತ್ತಿದರೆ ಆಕಾರ ಕೆಡಬಾರದು. ಅಡಿ ಹೆರೆಯಲು ಇದೇ ಸರಿಯಾದ ಹೊತ್ತು. ಇದಕ್ಕಿಂತ ಹಸಿಯಿದ್ದರೆ ಮಣ್ಣು ಉಳಿಗೆ ಮೆತ್ತಿಕೊಳ್ಳುತ್ತದೆ. ಒಣಗಿ ಹೋಗಿದ್ದರೆ ಪುಡಿ ಉದುರಿ, ಉಳಿ ಕುಪ್ಪಳಿಸಿ, ಮೈಮೇಲೆ ಅಲೆಗಳಂಥ ಗೆರೆಗಳು ಏಳುತ್ತವೆ.

ಬಟ್ಟಲನ್ನು ಚಕ್ರದ ಮೇಲೆ ನೇರವಾಗಿ ಬೋರಲಿಡಬಹುದು, ಕಂಠದ ಹೂದಾನಿ ಹಾಗೆ ನಿಲ್ಲದು. ಅದಕ್ಕೊಂದು ಆಸರೆ ಬೇಕು: ದಪ್ಪ ಗೋಡೆಯ, ತಳವಿಲ್ಲದ ಮಣ್ಣಿನ ಉರುಳೆ. ಅದನ್ನು ಚಕ್ರದ ನಡುವೆ ಕೂರಿಸಿ, ಕಂಠ ಅದರೊಳಗೆ ಇಳಿದು ಭುಜ ಅಂಚಿನ ಮೇಲೆ ಕೂರುವಂತೆ ಹೂದಾನಿಯನ್ನು ತಲೆಕೆಳಗೆ ಇಡಿ. ಹೀಗೆ ಬೋರಲಿಡುವ ಮೊದಲೇ ಒಂದು ಕೋಲನ್ನು ಒಳಗೆ ತಳದವರೆಗೆ ಇಳಿಸಿ ಆಳವನ್ನು ಗುರುತು ಮಾಡಿ, ಅದೇ ಕೋಲನ್ನು ಹೊರಗೆ ಹಿಡಿದು ನೋಡಿದರೆ ತಳದ ದಪ್ಪ ಗೊತ್ತಾಗುತ್ತದೆ. 5-6 ಮಿ.ಮೀ. ಉಳಿಸಿ. ಕಾಲುಂಗುರ 6 ಮಿ.ಮೀ. ಅಗಲ, 3-4 ಮಿ.ಮೀ. ಎತ್ತರ ಇದ್ದರೆ ಸಾಕು. ನಡುನಡುವೆ ತಳವನ್ನು ಬೆರಳಿನಿಂದ ತಟ್ಟುತ್ತಿರಿ. ದಪ್ಪ ಇರುವಾಗ ಮಂಕಾದ ಸದ್ದು, ತೆಳುವಾದಂತೆ ಡೋಲಿನ ಸದ್ದು. ಡೋಲು ಕೇಳಿಸಿದರೆ ಉಳಿ ಕೆಳಗಿಡಿ.

ಪೂರ್ತಿ ಒಣಗಲು ಸುಮಾರು ವಾರ ಬೇಕು, ಹವೆಯ ತೇವ ನೋಡಿಕೊಂಡು ಹೆಚ್ಚು ಕಡಿಮೆ. ಕೆನ್ನೆಗೆ ತಾಗಿಸಿ ನೋಡುವುದು ಹಳೆಯ ವಿಧಾನ, ಇವತ್ತಿಗೂ ಅದಕ್ಕಿಂತ ಒಳ್ಳೆಯದಿಲ್ಲ. ತಣ್ಣಗೆ ಅನ್ನಿಸಿದರೆ ಒಳಗೆ ಇನ್ನೂ ನೀರಿದೆ. ಮೊದಲ ಸುಡುವಿಕೆ, ಅಂದರೆ ಬಿಸ್ಕ್, ಸುಮಾರು 1000ದಿಂದ 1040 ಡಿಗ್ರಿ ಸೆಲ್ಸಿಯಸ್‌ವರೆಗೆ. ಕಿಲ್ನ್, ಅಂದರೆ ಸುಡುವ ಗೂಡು, 100 ಡಿಗ್ರಿ ದಾಟುವ ಮೊದಲು 85-90ರ ಬಳಿ ಎರಡು ಗಂಟೆ ನಿಲ್ಲಿಸಿ. ಒಳಗಿನ ನೀರು ಒಮ್ಮೆಲೇ ಆವಿಯಾದರೆ ಗೋಡೆ ಸಿಡಿಯುತ್ತದೆ. ಪಾತ್ರೆ ಸಿಡಿದಾಗ ಎಲ್ಲರೂ ಗಾಳಿಗುಳ್ಳೆಯನ್ನು ಬಯ್ಯುತ್ತಾರೆ, ನಿಜವಾದ ಅಪರಾಧಿ ಬಹುಮಟ್ಟಿಗೆ ಈ ನೀರೇ. ಆಮೇಲೆ ಗಂಟೆಗೆ 100 ಡಿಗ್ರಿಯಂತೆ 600ರವರೆಗೆ ಏರಿಸಿ. ಸುಮಾರು 450ರಿಂದ 600ರ ನಡುವೆ ಮಣ್ಣಿನ ಹರಳಿನಲ್ಲೇ ಬೆಸೆದುಕೊಂಡಿದ್ದ ನೀರು ಹೊರಟುಹೋಗುತ್ತದೆ. ಕೇಯೋಲಿನ್ ಎಂಬ ಬಿಳಿ ಜೇಡಿಮಣ್ಣು ಶುದ್ಧವಾಗಿದ್ದರೆ ಅದರಲ್ಲಿ ಇದು ತೂಕದ ಸುಮಾರು 14 ಪ್ರತಿಶತ. ಅದು ಹೋದ ಮೇಲೆ ಎಷ್ಟೇ ನೆನೆಸಿದರೂ ಮತ್ತೆ ಕೆಸರಾಗದು. 573 ಡಿಗ್ರಿಯಲ್ಲಿ ಸ್ಫಟಿಕಶಿಲೆಯ ಕಣಗಳು ಥಟ್ಟನೆ ಹಿಗ್ಗುತ್ತವೆ, ತಣಿಯುವಾಗ ಅದೇ ಜಾಗದಲ್ಲಿ ಕುಗ್ಗುತ್ತವೆ. ಎರಡೂ ಸಲ ಅವಸರ ಬೇಡ. 700ರಿಂದ 900ರವರೆಗೆ ಮಣ್ಣಿನಲ್ಲಿನ ಜೈವಿಕ ಅಂಶಗಳು ಉರಿದುಹೋಗಬೇಕು. ಇಲ್ಲಿ ಓಡಿಸಿದರೆ ಉಳಿದ ಅನಿಲ ಮುಂದೆ ಗ್ಲೇಜ್ ಕರಗಿದಾಗ ಹೊರಬಂದು ಸೂಜಿಮೊನೆಯಂಥ ತೂತುಗಳನ್ನು ಬಿಡುತ್ತದೆ.

ಗ್ಲೇಜ್ ಎಂದರೆ ಪಾತ್ರೆಯ ಮೈಮೇಲೆ ಕರಗಿ ಅಂಟಿದ ಗಾಜು. ಗಾಜಾಗುವುದು ಸಿಲಿಕಾ. ಅದೊಂದನ್ನೇ ಕರಗಿಸಲು 1700 ಡಿಗ್ರಿಗೂ ಹೆಚ್ಚು ಕಾವು ಬೇಕು. ಅಷ್ಟರಲ್ಲಿ ಹೂದಾನಿಯೇ ಉಳಿದಿರುವುದಿಲ್ಲ. ಕರಗುವ ಉಷ್ಣತೆಯನ್ನು ತಗ್ಗಿಸಲು ಫೆಲ್ಡ್‌ಸ್ಪಾರ್ ಎಂಬ ಖನಿಜ, ಸುಣ್ಣದ ಅಂಶಗಳು ಬೇಕು. ಕರಗಿದ್ದು ಗೋಡೆಯಿಂದ ಇಳಿದು ಹೋಗದಂತೆ ಹಿಡಿದಿಡಲು ಅಲ್ಯುಮಿನಾ ಬೇಕು, ಅದು ಕೇಯೋಲಿನ್‌ನಿಂದ ಬರುತ್ತದೆ. ನಿಂತ ಗೋಡೆಯ ಹೂದಾನಿಗೆ ಈ ಹಿಡಿತ ತಟ್ಟೆಗಿಂತ ಹೆಚ್ಚು ಮುಖ್ಯ. ಶುರುಮಾಡುವವರಿಗೆ ನೆನಪಿನಲ್ಲಿ ಉಳಿಯುವ ಪಾರದರ್ಶಕ ಗ್ಲೇಜ್ ಒಂದಿದೆ, ಕುಂಬಾರರು ಅದನ್ನು ನಾಲ್ಕು-ಮೂರು-ಎರಡು-ಒಂದು ಎಂದೇ ಕರೆಯುತ್ತಾರೆ: ಪೊಟ್ಯಾಶ್ ಫೆಲ್ಡ್‌ಸ್ಪಾರ್ 40, ಸಿಲಿಕಾ 30, ವೈಟಿಂಗ್ 20, ಕೇಯೋಲಿನ್ 10. ವೈಟಿಂಗ್ ಎಂದರೆ ಸುಣ್ಣಕಲ್ಲಿನ ನುಣುಪು ಪುಡಿ. ಕೋನ್ ಎಂದರೆ ಗೊತ್ತಾದ ಕಾವಿಗೆ ಬಾಗುವ ಸಣ್ಣ ಮಣ್ಣಿನ ಕಡ್ಡಿ, ಸಂಖ್ಯೆ ಹೆಚ್ಚಿದಂತೆ ಕಾವೂ ಹೆಚ್ಚು. ಇದು 10ನೇ ಕೋನ್‌ಗೆ ಸುಡುವ ಗ್ಲೇಜ್, ಮಣ್ಣೂ ಅದೇ ಕೋನ್‌ನದ್ದಾಗಿರಬೇಕು. 6ನೇ ಕೋನ್‌ನ ಮಣ್ಣನ್ನು ಇಲ್ಲಿಗೆ ಒಯ್ದರೆ ಉಬ್ಬಿ, ಬಾಗಿ, ಕೆಲವೊಮ್ಮೆ ಶೆಲ್ಫಿನ ಮೇಲೆಯೇ ಕೂತುಬಿಡುತ್ತದೆ.

ಎರಡು ಕಿಲೋ ಪುಡಿಗೆ ಲೆಕ್ಕ ಹೀಗೆ: ಫೆಲ್ಡ್‌ಸ್ಪಾರ್ 800 ಗ್ರಾಂ, ಸಿಲಿಕಾ 600, ವೈಟಿಂಗ್ 400, ಕೇಯೋಲಿನ್ 200. ಮೇಲೆ 40 ಗ್ರಾಂ ಬೆಂಟೊನೈಟ್ ಎಂಬ ಬಲು ನುಣುಪಾದ ಜೇಡಿಮಣ್ಣು, ಇಲ್ಲದಿದ್ದರೆ ಪುಡಿಯೆಲ್ಲ ಬಕೆಟ್ಟಿನ ತಳದಲ್ಲಿ ಕಲ್ಲಿನಂತೆ ಕೂರುತ್ತದೆ. ಬೆಂಟೊನೈಟನ್ನು ಒಣ ಪುಡಿಯಲ್ಲೇ ಬೆರೆಸಿಕೊಳ್ಳಿ, ನೀರಿಗೆ ನೇರ ಹಾಕಿದರೆ ಗಂಟು ಕಟ್ಟುತ್ತದೆ. ತೂಕ ಮಾಡುವಾಗ ಮುಖಕ್ಕೆ ಸರಿಯಾಗಿ ಕೂರುವ ಎನ್95 ಮಾಸ್ಕ್ ಇರಲೇಬೇಕು. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಹೊರಬರುವುದಿಲ್ಲ, ಸಿಲಿಕೋಸಿಸ್‌ಗೆ ಮದ್ದಿಲ್ಲ. ನೆಲಕ್ಕೆ ಬಿದ್ದದ್ದನ್ನು ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. 1.7 ಲೀಟರ್ ನೀರಿಗೆ ಪುಡಿಯನ್ನು ಸುರಿದು, ರಾತ್ರಿಯಿಡೀ ನೆನೆಯಲು ಬಿಟ್ಟು, 80 ಮೆಶ್ (ಅಂಗುಲಕ್ಕೆ 80 ಕಣ್ಣಿನ) ಜರಡಿಯಲ್ಲಿ ಎರಡು ಸಲ ಸೋಸಿ. ಆಮೇಲೆ ಸ್ವಲ್ಪ ಸ್ವಲ್ಪವೇ ನೀರು ಸೇರಿಸುತ್ತಾ 100 ಮಿ.ಲೀ. ಗ್ಲೇಜ್ 145 ಗ್ರಾಂ ತೂಗುವಂತೆ ಮಾಡಿಕೊಳ್ಳಿ. ಕೆನೆಯ ಹಾಗಿರಬೇಕು ಎಂದು ಎಲ್ಲರೂ ಹೇಳುತ್ತಾರೆ, ಆದರೆ ಒಬ್ಬೊಬ್ಬರ ಕೆನೆ ಒಂದೊಂದು ಥರ. ತಕ್ಕಡಿಯ ಮಾತು ಕೇಳಿದರೆ ಮುಂದಿನ ಬಾರಿಯೂ ಅದೇ ದಪ್ಪ ಸಿಗುತ್ತದೆ.

ಬಿಸ್ಕ್ ಪಾತ್ರೆಯ ಧೂಳನ್ನು ಒದ್ದೆ ಸ್ಪಂಜಿನಿಂದ ಒರೆಸಿ ಒಣಗಲು ಬಿಡಿ. ಧೂಳು, ಕೈಯ ಜಿಡ್ಡು ಇದ್ದ ಕಡೆ ಗ್ಲೇಜ್ ಕರಗುವಾಗ ಹಿಂಜರಿದು, ಬೋಳು ಮಣ್ಣು ಕಾಣುತ್ತದೆ. ಕಾಲುಂಗುರಕ್ಕೂ ಅದರ ಮೇಲಿನ 3-4 ಮಿ.ಮೀ.ಗೂ ಮೇಣ ಹಚ್ಚಿ. ಮೊದಲು ಒಳಗೆ, ಆಮೇಲೆ ಹೊರಗೆ.

ಒಳಗಿನ ಗ್ಲೇಜ್‌ಗೆ ಸಿಗುವುದು ಒಂದೇ ಅವಕಾಶ. ಚೆನ್ನಾಗಿ ಕಲಕಿದ ಗ್ಲೇಜನ್ನು ಆಲಿಕೆಯ ಮೂಲಕ ಹೂದಾನಿಯ ಮೂರನೇ ಒಂದು ಭಾಗದಷ್ಟು ಸುರಿಯಿರಿ. ತಕ್ಷಣ ಎರಡೂ ಕೈಯಲ್ಲಿ ಹಿಡಿದು ಓರೆ ಮಾಡಿ, ನಿಧಾನ ತಿರುಗಿಸುತ್ತಾ ಬಾಯಿಯ ಕಡೆಗೆ ಹರಿಸಿ. ಹೊಸಬರು ಇಲ್ಲಿ ಪಾತ್ರೆಯನ್ನು ಒಮ್ಮೆಗೇ ತಲೆಕೆಳಗು ಮಾಡುತ್ತಾರೆ. ಕಿರಿದಾದ ಕಂಠದಲ್ಲಿ ಗ್ಲೇಜ್ ಹೊರಬರಬೇಕೆಂದರೆ ಗಾಳಿ ಒಳಗೆ ಹೋಗಬೇಕು. ಎರಡೂ ಒಂದೇ ಬಾಗಿಲಲ್ಲಿ ನುಗ್ಗಿ ಗುಳುಗುಳು ಎನ್ನುತ್ತಾ ತುಳುಕುತ್ತವೆ. ಆ ತುಳುಕಿನಲ್ಲಿ ಭುಜದ ಒಳಮೈಯಲ್ಲಿ ಎಲ್ಲೋ ಒಂದು ಅಂಗೈಯಗಲ ಬೋಳಾಗಿ ಉಳಿಯುತ್ತದೆ, ಇನ್ನೆಲ್ಲೋ ದಪ್ಪ ಹೆಪ್ಪು ನಿಲ್ಲುತ್ತದೆ. ಓರೆಯಾಗಿ ಹಿಡಿದರೆ ಕಂಠದ ಕೆಳಭಾಗದಲ್ಲಿ ಗ್ಲೇಜ್ ಹೊರಕ್ಕೆ, ಮೇಲ್ಭಾಗದಲ್ಲಿ ಗಾಳಿ ಒಳಕ್ಕೆ. ಸುರಿಯುತ್ತಲೇ ಒಂದು ಪೂರ್ತಿ ಸುತ್ತು ತಿರುಗಿಸಿದರೆ ಎಲ್ಲ ಕಡೆ ಒಮ್ಮೆ ನೆನೆಯುತ್ತದೆ. ಸುರಿಯಲು ಶುರುಮಾಡಿದಲ್ಲಿಂದ ಖಾಲಿಯಾಗುವವರೆಗೆ ಐದಾರು ಸೆಕೆಂಡು, ಅಷ್ಟೇ. ಕೊನೆಗೆ ಬೋರಲು ಹಿಡಿದು ಒಮ್ಮೆ ಕುಲುಕಿ, ಬಾಯಂಚಿನ ಹನಿ ಒರೆಸಿ. ಚಿಕ್ಕ ಟಾರ್ಚ್ ಬಿಟ್ಟು ಒಳಗೆ ನೋಡಿ. ಬೋಳು ಜಾಗ ಕಂಡರೆ ಮತ್ತೊಮ್ಮೆ ಸುರಿದು ದಪ್ಪ ಮಾಡಬೇಡಿ, ಪೂರ್ತಿ ತೊಳೆದು ಒಣಗಿಸಿ ಮೊದಲಿನಿಂದ ಮಾಡುವುದು ಮೇಲು.

ಒಳಗೆ ಗ್ಲೇಜ್ ಮಾಡಿದ ದಿನವೇ ಹೊರಗೆ ಮಾಡುವ ಆಸೆಯಾಗುತ್ತದೆ. ಗೋಡೆ ಈಗ ನೀರು ಕುಡಿದು ತುಂಬಿದೆ, ಹೊರಗಿನಿಂದ ಇನ್ನಷ್ಟು ಕುಡಿಯುವ ಶಕ್ತಿ ಅದಕ್ಕಿಲ್ಲ. ಬಿಸ್ಕ್ ನೀರು ಹೀರಿಕೊಂಡರೆ ತಾನೇ ಪುಡಿ ಮೈಮೇಲೆ ನಿಲ್ಲುವುದು? ಒಂದು ರಾತ್ರಿ ಕಾಯಿರಿ. ಎರಡು ಕಿಲೋ ಪುಡಿಯಿಂದ ಸುಮಾರು 2.7 ಲೀಟರ್ ಗ್ಲೇಜ್ ಆಗುತ್ತದೆ, ಹೂದಾನಿಯನ್ನು ಪೂರ್ತಿ ಮುಳುಗಿಸಲು ಇದು ಸಾಲದು. ಅಗಲವಾದ ಬೋಗುಣಿಯ ಮೇಲೆ ಎರಡು ಕೋಲು ಅಡ್ಡ ಇಟ್ಟು, ಅದರ ಮೇಲೆ ಹೂದಾನಿಯನ್ನು ಬೋರಲಿಟ್ಟು, ಜಗ್ಗಿನಿಂದ ಸುತ್ತಲೂ ಒಂದೇ ಓಟದಲ್ಲಿ ಸುರಿಯಿರಿ. ಒಣಗಿದ ಮೇಲೆ ಸೂಜಿಯಿಂದ ಗೀರಿ ದಪ್ಪ ನೋಡಿ. ಒಂದು ಮಿ.ಮೀ. ಸಾಕು, ಕೆಳಗಿನ ಮೂರನೇ ಒಂದು ಭಾಗದಲ್ಲಿ ಇನ್ನೂ ಕಡಿಮೆ ಇದ್ದರೆ ಒಳ್ಳೆಯದು. ಕರಗಿದ್ದು ಇಳಿಯುವುದು ಅಲ್ಲಿಗೇ. ಕೋಲು ತಾಗಿದ ಗುರುತುಗಳಿಗೆ ಕುಂಚದಲ್ಲಿ ಒಂದು ಹನಿ. ಅಡಿಯನ್ನು ಒದ್ದೆ ಸ್ಪಂಜಿನಿಂದ ಒರೆಸಿ, ಮೇಣದ ಮೇಲೆ ಕೂತ ಹನಿಗಳನ್ನೂ ಬಿಡಬೇಡಿ.

ಕಿಲ್ನಿನ ಶೆಲ್ಫಿಗೆ ಅಲ್ಯುಮಿನಾ ಹೈಡ್ರೇಟ್ ಮತ್ತು ಕೇಯೋಲಿನ್ ಸಮಸಮ ಕಲಸಿ ಹಚ್ಚಿರಬೇಕು. ಪಾತ್ರೆಗಳು ಒಂದಕ್ಕೊಂದು ತಾಗಬಾರದು. ಗಂಟೆಗೆ 100 ಡಿಗ್ರಿಯಂತೆ 600, ಅಲ್ಲಿಂದ 150ರಂತೆ 1180, ಕೊನೆಯ ನೂರು ಡಿಗ್ರಿ ಮಾತ್ರ ಗಂಟೆಗೆ 60ರಂತೆ. ಉಷ್ಣಮಾಪಕದ ಅಂಕಿಯೊಂದನ್ನೇ ನಂಬಬೇಡಿ. ಗ್ಲೇಜ್ ಕರಗುವುದು ಕಾವು ಮತ್ತು ಕಾಲ ಎರಡೂ ಸೇರಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಹೆರ್ಮನ್ ಸೇಗರ್ 1886ರಲ್ಲಿ ಬರ್ಲಿನ್‌ನಲ್ಲಿ ರೂಪಿಸಿದ, ಅಮೆರಿಕದಲ್ಲಿ ಎಡ್ವರ್ಡ್ ಆರ್ಟನ್ 1896ರಿಂದ ತಯಾರಿಸಿದ ಕೋನ್‌ಗಳು ಅಳೆಯುವುದು ಇದನ್ನೇ. ಆರ್ಟನ್‌ನ ದೊಡ್ಡ 10ನೇ ಕೋನ್ ಗಂಟೆಗೆ 60 ಡಿಗ್ರಿಯಂತೆ ಏರಿದರೆ 1285ರಲ್ಲಿ ಬಾಗುತ್ತದೆ, 150ರಂತೆ ಏರಿದರೆ 1305ರವರೆಗೆ ನಿಂತಿರುತ್ತದೆ. 9, 10, 11 ಮೂರನ್ನೂ ಇಣುಕುಕಿಂಡಿಯ ಎದುರು ನಿಲ್ಲಿಸಿ, ಕಪ್ಪು ಕನ್ನಡಕ ಹಾಕಿ ನೋಡಿ. 9 ಮಲಗಿ, 10ರ ತುದಿ ಬಾಗಿ ಬುಡದ ಮಟ್ಟ ಮುಟ್ಟಿ, 11 ಇನ್ನೂ ನೆಟ್ಟಗಿದ್ದರೆ ಹದ ಬಂತು. ಗುಳ್ಳೆಗಳು ಅಡಗಲೆಂದು 15 ನಿಮಿಷ ಹಾಗೇ ಬಿಡುವುದುಂಟು. ಬಿಡುವುದಾದರೆ ಕೋನ್ ಪೂರ್ತಿ ಬಾಗುವ ಸ್ವಲ್ಪ ಮುಂಚೆಯೇ ಏರಿಕೆ ನಿಲ್ಲಿಸಿ, ಆ ನಿಮಿಷಗಳೂ ಕೋನ್‌ನ ಲೆಕ್ಕಕ್ಕೆ ಸೇರುತ್ತವೆ.

ತಣಿಯಲು ಒಂದು ದಿನವಾದರೂ ಬೇಕು, 100 ಡಿಗ್ರಿಗಿಂತ ಮೇಲೆ ಮುಚ್ಚಳ ತೆಗೆಯಬೇಡಿ. ಹೊರತೆಗೆದ ಮೇಲೆ ಟಿಣ್ ಟಿಣ್ ಎಂಬ ಸಣ್ಣ ಸದ್ದು ಕೇಳಿಸಿದರೆ ಗ್ಲೇಜಿನಲ್ಲಿ ಜೇಡರ ಬಲೆಯಂಥ ಬಿರುಕು ಏಳುತ್ತಿದೆ. ತಣಿಯುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಲು ನೋಡಿದೆ, ಮಣ್ಣು ಬಿಟ್ಟಿಲ್ಲ, ಗಾಜು ಹರಿದಿದೆ. ಸಿಲಿಕಾವನ್ನು ನಾಲ್ಕೈದು ಭಾಗ ಹೆಚ್ಚಿಸಿ ಸಣ್ಣ ಬಿಲ್ಲೆಯ ಮೇಲೆ ಸುಟ್ಟು ನೋಡುವುದು ಮೊದಲ ಮದ್ದು. ಬಣ್ಣ ಬೇಕಿದ್ದರೂ ಇಂಥ ಬಿಲ್ಲೆಗಳ ಮೇಲೆಯೇ ಪ್ರಯೋಗ ನಡೆಯಲಿ. ಅರ್ಧದಿಂದ ಒಂದು ಪ್ರತಿಶತ ಕೋಬಾಲ್ಟ್ ನೀಲಿಗೆ ಸಾಕು, ಎಂಟು-ಹತ್ತು ಪ್ರತಿಶತ ಕೆಂಪು ಕಬ್ಬಿಣದ ಆಕ್ಸೈಡ್ ಕಂದಿನಿಂದ ಕಪ್ಪಿನವರೆಗೆ ಒಯ್ಯುತ್ತದೆ. ಮೊದಲ ಹೂದಾನಿಯನ್ನು ಬಣ್ಣವಿಲ್ಲದೆ ಬಿಡಿ ಎನ್ನುತ್ತೇನೆ. ಪಾರದರ್ಶಕ ಗ್ಲೇಜ್ ಬೆರಳಿನ ಗುರುತನ್ನೂ, ತಪ್ಪನ್ನೂ ಮುಚ್ಚುವುದಿಲ್ಲ.

ಕೊನೆಯ ಪರೀಕ್ಷೆಗೆ ಒಂದು ಹಳೆಯ ಪತ್ರಿಕೆ ಸಾಕು. ಹೂದಾನಿಗೆ ಕಂಠದವರೆಗೆ ನೀರು ತುಂಬಿ ಅದರ ಮೇಲಿಟ್ಟು ಒಂದು ದಿನ ಬಿಡಿ. ಕಾಗದ ಒಣಗಿಯೇ ಇದ್ದರೆ ಸರಿ. ಅಡಿಯ ಉಂಗುರದಷ್ಟೇ ತೇವ ಕಂಡರೆ ಮಣ್ಣು ಪೂರ್ತಿ ಬೆಂದಿಲ್ಲ, ಒಳಗಿನ ಗ್ಲೇಜಿನಲ್ಲೂ ಎಲ್ಲೋ ಕೂದಲೆಳೆಯ ಬಿರುಕೋ ಬೋಳು ಜಾಗವೋ ಇದೆ. ಎಷ್ಟು ಬೆಂದಿದೆ ಎಂದು ತಿಳಿಯಬೇಕಿದ್ದರೆ ಅದೇ ಮಣ್ಣಿನ, ಗ್ಲೇಜ್ ಹಾಕದೆ ಅದೇ ಕಿಲ್ನಿನಲ್ಲಿ ಸುಟ್ಟ ಒಂದು ಬಿಲ್ಲೆಯನ್ನು ತೂಗಿ, ಕೆಲವು ಗಂಟೆ ನೀರಿನಲ್ಲಿ ಕುದಿಸಿ, ಮೈ ಒರೆಸಿ ಮತ್ತೆ ತೂಗಿ. 100 ಗ್ರಾಮಿನ ಬಿಲ್ಲೆ 101 ಆದರೆ ಹೂದಾನಿಗೆ ಅಡ್ಡಿಯಿಲ್ಲ. 104 ಆದರೆ ಮುಂದಿನ ಸಲ ಕೋನ್ ನೋಡಿ, ಅಲ್ಲಿಯವರೆಗೆ ಈ ಹೂದಾನಿಗೆ ಒಣಹುಲ್ಲಿನ ಕಡ್ಡಿ ಹಾಕಿ ಇಡಿ.